ಕೊಂಡಿಯ ಲೆಕ್ಕ

ಒಂದು ಭಾಗ ಕೆಟ್ಟರೆ ಜನರ ಪ್ರಾಣಕ್ಕೇ ಸಂಚಕಾರ ಬರುವಂಥ ವಿಮಾನ, ಅಣೆಕಟ್ಟು, ಅಣು ವಿದ್ಯುತ್ ಸ್ಥಾವರ, ರೈಲ್ವೆ ಸಿಗ್ನಲ್ ಮೊದಲಾದವನ್ನು ಎಂಜಿನಿಯರುಗಳು ಸುರಕ್ಷತಾ ನಿರ್ಣಾಯಕ ವ್ಯವಸ್ಥೆಗಳೆಂದು ಕರೆಯುತ್ತಾರೆ. ಅವುಗಳ ಯಾವ ಬಿಡಿಭಾಗ ಯಾವ ಬಗೆಯಲ್ಲಿ ಕೆಡಬಹುದು, ಎಷ್ಟು ಸಲ ಕೆಡಬಹುದು, ಕೆಟ್ಟದ್ದರ ಪರಿಣಾಮ ಎಲ್ಲಿಯವರೆಗೆ ಹರಡಬಹುದು ಎಂಬುದನ್ನು ಮೊದಲೇ ಗಣಿತದ ಚೌಕಟ್ಟಿನಲ್ಲಿ ಬರೆದಿಡುವ ಕ್ರಮಕ್ಕೆ ವೈಫಲ್ಯದ ಮಾದರೀಕರಣ ಎಂದು ಹೆಸರು. ಈ ಲೆಕ್ಕ ಪ್ರಾಣ ಉಳಿಸುತ್ತದೆಯೋ, ಉಳಿಸಿದ್ದಾಯಿತೆಂಬ ಭ್ರಮೆಯನ್ನಷ್ಟೇ ಹುಟ್ಟಿಸುತ್ತದೆಯೋ ಎಂಬ ತಕರಾರು ಆ ಶಾಸ್ತ್ರದ ಒಳಗಿನವರಲ್ಲೇ ಬಗೆಹರಿದಿಲ್ಲ.

ಮುಂದಿನ ಸಂವಾದವನ್ನು ಬೀದರ್ ತಾಲೂಕಿನ ಮನ್ನಳ್ಳಿಯಲ್ಲಿ ನಡೆಯುವಂತೆ ಕಲ್ಪಿಸಿರುವುದಕ್ಕೆ ಕಾರಣವುಂಟು. ಬೀದರಿನ ವಾಯುಪಡೆ ನೆಲೆಯ ತರಬೇತಿ ವಿಮಾನಗಳ ಸದ್ದು ಈ ಸೀಮೆಯ ಜನರಿಗೆ ನಿತ್ಯದ್ದು. ಪಕ್ಕದ ಭಾಲ್ಕಿ ತಾಲೂಕಿನಲ್ಲಿ, ಮಾಂಜ್ರಾದ ಉಪನದಿಗೆ ಕಟ್ಟಿದ ಕಾರಂಜಾ ಜಲಾಶಯದ ಗೇಟುಗಳಿವೆ. ಮಾತನಾಡುವ ಇಬ್ಬರೂ ಕಲ್ಪಿತರು. ಒಬ್ಬರು ಅಣೆಕಟ್ಟುಗಳ ಗೇಟು, ಗೇರು, ಸರಪಳಿಗಳ ನಿರ್ವಹಣೆಯಲ್ಲಿ ವೃತ್ತಿಜೀವನ ಕಳೆದು ಊರಿಗೆ ಮರಳಿದ ಹಿರಿಯರು; ಇನ್ನೊಬ್ಬರು ಬೆಂಗಳೂರಿನ ವಿಮಾನೋದ್ಯಮದಲ್ಲಿ ವೈಫಲ್ಯದ ಲೆಕ್ಕವನ್ನೇ ಕಸುಬಾಗಿಸಿಕೊಂಡ ಕಿರಿಯರು. ಮಾತು ತುಂಗಭದ್ರೆಯಿಂದ ಶುರುವಾಗುತ್ತದೆ, ಏಕೆಂದರೆ ಒಂದು ಬಿಡಿಭಾಗದ ವೈಫಲ್ಯ ಎಂದರೆ ಏನೆಂಬುದನ್ನು ಕಲ್ಯಾಣ ಕರ್ನಾಟಕದ ಜನ ಪಠ್ಯಪುಸ್ತಕದ ಹಂಗಿಲ್ಲದೆ ಕಲಿತದ್ದು ಅಲ್ಲಿಯೇ.

ಹಿರಿಯ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ, ಗೇಟಿಗೆ ಗೇಟೇ ಕೊಚ್ಚಿಹೋಯಿತು. ಅದೊಂದು ಕಿಂಡಿಯಿಂದಲೇ ಸುಮಾರು 35,000 ಕ್ಯೂಸೆಕ್ ನೀರು ನುಗ್ಗಿತು; ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ಆಗಷ್ಟೇ ತುಂಬಿದ್ದ ಜಲಾಶಯದ ನೀರನ್ನು ಕೈಯಾರೆ ಹೊರಬಿಡಬೇಕಾಯಿತು. ಅದು 1953ರಲ್ಲಿ ಮುಗಿದ ಅಣೆಕಟ್ಟು, ಅಲ್ಲಿಂದ 71 ವರ್ಷ ಒಂದು ಗೇಟೂ ಹೀಗೆ ಹೋಗಿರಲಿಲ್ಲ. ನಿಮ್ಮ ಶಾಸ್ತ್ರವನ್ನು ಹಿಂದಿನ ದಿನ ಕೇಳಿದ್ದರೆ ಅಪಾಯ ಎಷ್ಟಿದೆ ಎಂದು ಹೇಳುತ್ತಿತ್ತು?

ಕಿರಿಯ: ಎಷ್ಟಿದೆ ಎಂದು ಹೇಳುತ್ತಿರಲಿಲ್ಲ, ಎಷ್ಟಕ್ಕಿಂತ ಹೆಚ್ಚಿರಲಾರದು ಎಂದು ಹೇಳುತ್ತಿತ್ತು. ಒಂದೂ ವೈಫಲ್ಯ ಕಾಣದೆ ಕಳೆದ ಅವಧಿಯಿಂದ 3ನ್ನು ಭಾಗಿಸಿದರೆ ಬರುವ ಸಂಖ್ಯೆಯೇ ವಾರ್ಷಿಕ ವೈಫಲ್ಯ ದರದ ಮೇಲ್ಮಿತಿ ಎಂದು, ನೂರಕ್ಕೆ 95ರ ಭರವಸೆಯಿಂದ ಹೇಳಬಹುದಾದ ಒಂದು ಸೂತ್ರ ಸಂಖ್ಯಾಶಾಸ್ತ್ರದಲ್ಲಿದೆ. 33 ಗೇಟು, 71 ವರ್ಷ ಎಂದರೆ 2,343 ಗೇಟು-ವರ್ಷಗಳ ಅನುಭವ. ಆದ್ದರಿಂದ ಒಂದು ಗೇಟು ಹೋಗುವ ಸಂಭವ ಹೆಚ್ಚೆಂದರೆ 780 ವರ್ಷಕ್ಕೊಮ್ಮೆ.

ಹಿರಿಯ: 780 ವರ್ಷ ಎಂದು ಕಡತದಲ್ಲಿ ಬರೆದುಕೊಟ್ಟರೆ ಮೇಲಿನವರೆಲ್ಲ ನೆಮ್ಮದಿಯಿಂದ ನಿದ್ದೆ ಮಾಡುತ್ತಾರೆ.

ಕಿರಿಯ: ಕಡತವನ್ನು ಅಲ್ಲಿಗೇ ಮುಚ್ಚಿದರೆ ಮಾಡುತ್ತಾರೆ, ಮುಂದಿನ ಸಾಲನ್ನೂ ಓದಿದರೆ ಮಾಡಲಾರರು. ಗೇಟುಗಳು 33 ಇರುವುದರಿಂದ ಅವುಗಳಲ್ಲಿ ಯಾವುದಾದರೊಂದು ಹೋಗುವ ಸಂಭವದ ಮೇಲ್ಮಿತಿ ಸುಮಾರು 24 ವರ್ಷಕ್ಕೊಮ್ಮೆ ಎಂದಾಗುತ್ತದೆ. 71 ವರ್ಷದ ಕಳಂಕವಿಲ್ಲದ ದಾಖಲೆಗೂ 24 ವರ್ಷಕ್ಕೊಂದು ಅವಘಡದ ಸಾಧ್ಯತೆಯನ್ನು ತಳ್ಳಿಹಾಕುವ ಬಲವಿಲ್ಲ. ಇಷ್ಟು ವರ್ಷ ಏನೂ ಆಗಿಲ್ಲ ಎಂಬ ಮಾತಿಗೆ ಸಾಕ್ಷ್ಯವಾಗಿ ಎಷ್ಟು ತೂಕ ಎಂಬುದನ್ನು ತೋರಿಸಿದ್ದು ಲೆಕ್ಕವೇ ಹೊರತು ಅನುಭವವಲ್ಲ.

ಹಿರಿಯ: ಮೊದಲು 33ರಿಂದ ಗುಣಿಸಿ, ಆಮೇಲೆ ಅದರಿಂದಲೇ ಭಾಗಿಸಿದಿರಿ. 71 ವರ್ಷವೊಂದನ್ನೇ ಇಟ್ಟುಕೊಂಡು 3ನ್ನು ಅದರಿಂದ ಭಾಗಿಸಿದ್ದರೂ ಇದೇ 24 ಬರುತ್ತಿತ್ತು. 2,343 ಎಂಬ ದೊಡ್ಡ ಸಂಖ್ಯೆ ಕೇಳುವವರನ್ನು ಬೆರಗುಗೊಳಿಸಿತೇ ಹೊರತು ಗೇಟಿನ ಬಗ್ಗೆ ಹೊಸದೇನನ್ನೂ ಹೇಳಲಿಲ್ಲ.

ಈ ಆಕ್ಷೇಪ ಸರಿಯಾದದ್ದು, ಮತ್ತು ವರದಿಗಳನ್ನು ಓದುವವರು ನೆನಪಿಡಬೇಕಾದದ್ದು. ಭಾಗಗಳ ಎಣಿಕೆಯನ್ನು ವರ್ಷಗಳಿಂದ ಗುಣಿಸಿ ಅನುಭವದ ರಾಶಿಯನ್ನು ಹಿಗ್ಗಿಸುವ ಪದ್ಧತಿ ಈ ಶಾಸ್ತ್ರದಲ್ಲಿ ಸಾಮಾನ್ಯ. ಭಾಗಗಳು ಒಂದರಿಂದೊಂದು ಸ್ವತಂತ್ರವಾಗಿವೆ, ಎಲ್ಲ ವಯಸ್ಸಿನಲ್ಲೂ ಒಂದೇ ತೆರನಾಗಿವೆ ಎಂಬ ಎರಡು ಊಹೆಗಳು ಆ ಗುಣಾಕಾರದ ಒಳಗೆ ಸದ್ದಿಲ್ಲದೆ ಸೇರಿಕೊಂಡಿರುತ್ತವೆ. ಹಿರಿಯರು ಮೊದಲು ಹಿಡಿದದ್ದು ವಯಸ್ಸಿನ ಊಹೆಯನ್ನು.

ಹಿರಿಯ: ಈ ಲೆಕ್ಕದಲ್ಲಿ 1953ರ ಸರಪಳಿಗೂ 2024ರ ಸರಪಳಿಗೂ ಭೇದವಿಲ್ಲ. ನೀರು ಮತ್ತು ಗಾಳಿಯ ನಡುವೆ ಎಪ್ಪತ್ತು ಮಳೆಗಾಲ ತೋಯ್ದು ಒಣಗಿದ ಕಬ್ಬಿಣವನ್ನು ಕಾರ್ಖಾನೆಯಿಂದ ಬಂದ ಕಬ್ಬಿಣದ ಜೊತೆ ಒಂದೇ ಸಾಲಿನಲ್ಲಿ ಕೂರಿಸುವ ಗಣಿತವನ್ನು ಯಾವ ಫಿಟ್ಟರ್ ಒಪ್ಪಿಯಾನು?

ಕಿರಿಯ: ವೈಫಲ್ಯ ದರ ಸದಾ ಸ್ಥಿರವೆಂದು ಭಾವಿಸುವ ಘಾತೀಯ ಮಾದರಿಯ ದೋಷವದು. ಈವರೆಗೆ ಕೆಡದೆ ಉಳಿದ ಭಾಗ ಹೊಸದಕ್ಕೆ ಸಮ ಎಂಬುದೇ ಅದರ ತಾತ್ಪರ್ಯ. ಎಲೆಕ್ಟ್ರಾನಿಕ್ ಭಾಗಗಳಿಗೆ ತಕ್ಕಮಟ್ಟಿಗೆ ಹೊಂದುತ್ತದೆ, ಸವೆಯುವ ಕಬ್ಬಿಣಕ್ಕೆ ಹೊಂದುವುದಿಲ್ಲ. ಹತ್ತು ಲಕ್ಷ ಗಂಟೆಗೊಂದು ವೈಫಲ್ಯ ಎಂದು ಅಚ್ಚಾದ ಪಟ್ಟಿಯನ್ನು ನೋಡಿ, ಆ ಬಿಡಿಭಾಗ 114 ವರ್ಷ ಬಾಳುತ್ತದೆ ಎಂದು ಓದಿಕೊಳ್ಳುವ ತಪ್ಪೂ ಇಲ್ಲಿಂದಲೇ ಬರುತ್ತದೆ. ಅದಕ್ಕೆ ಪರಿಹಾರವಾಗಿ ಸ್ವೀಡನ್ನಿನ ವಾಲೋಡಿ ವೈಬುಲ್ 1951ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಹೆಸರಾದ ಹಂಚಿಕೆಯೊಂದಿದೆ. ಅದರಲ್ಲಿನ ಆಕಾರ ಸೂಚಿ ಎಂಬ ಸಂಖ್ಯೆ 1ಕ್ಕಿಂತ ಕಡಿಮೆ ಇದ್ದರೆ ಹೊಸತರಲ್ಲೇ ಕೆಡುವ ಗುಣ, 1 ಆದರೆ ಯಾವಾಗ ಬೇಕಾದರೂ ಕೆಡುವ ಗುಣ, 1ಕ್ಕಿಂತ ಹೆಚ್ಚಾದರೆ ಸವೆದು ಕೆಡುವ ಗುಣ. ಸರಪಳಿಗೆ ಬೇಕಾದದ್ದು ಈ ಮೂರನೆಯದು.

ಹಿರಿಯ: ಆ ಆಕಾರ ಸೂಚಿಯನ್ನು ಕಂಡುಹಿಡಿಯಲು ಎಷ್ಟು ಸರಪಳಿ ಮುರಿಯಬೇಕು?

ಕಿರಿಯ: ಒಳ್ಳೆಯ ಅಂದಾಜಿಗೆ ಹಲವು ಮುರಿಯಬೇಕು.

ಹಿರಿಯ: ಇಲ್ಲಿ ಆ ರಾತ್ರಿಯವರೆಗೆ ಒಂದೂ ಮುರಿದಿರಲಿಲ್ಲ. ಚೆನ್ನಾಗಿ ನೋಡಿಕೊಂಡ ವ್ಯವಸ್ಥೆ ನಿಮಗೆ ಅಂಕಿಅಂಶ ಕೊಡುವುದಿಲ್ಲ, ಕೆಟ್ಟು ಕೂತ ವ್ಯವಸ್ಥೆಗೆ ನಿಮ್ಮ ಮಾದರಿಯ ಅಗತ್ಯವಿರುವುದಿಲ್ಲ. ಹಾಗಾದರೆ ಆ ಸೂಚಿಯನ್ನು ತುಂಬುವುದು ಯಾರ ಕೈ? ಕೊನೆಗೆ ಯಾವುದೋ ದೇಶದ ಕೈಪಿಡಿಯ ಸಂಖ್ಯೆ ತುಂಗಭದ್ರೆಯ ಮೇಲೆ ಬಂದು ಕೂರುತ್ತದೆ.

ಕಿರಿಯ: ಹಾಗೆ ನಡೆಯುವುದುಂಟು, ನಡೆಯಬಾರದು. ವೈಫಲ್ಯಗಳ ಎಣಿಕೆ ಇಲ್ಲದಿದ್ದಾಗ ಭೌತಿಕ ಅಳತೆಯೇ ಮಾದರಿಗೆ ಆಹಾರ: ಕೊಂಡಿಯ ದಪ್ಪ ವರ್ಷಕ್ಕೆ ಎಷ್ಟು ಕಡಿಮೆಯಾಯಿತು, ಶ್ರವಣಾತೀತ ಧ್ವನಿಯ ಪರೀಕ್ಷೆಯಲ್ಲಿ ಬಿರುಕು ಕಂಡಿತೇ, ಪ್ರತಿ ಸಲ ಎತ್ತಿದಾಗ ಭಾರ ಎಷ್ಟು ಬಿತ್ತು ಎಂಬುದನ್ನು ದಾಖಲಿಸಿದರೆ, ಭಾರ ಮತ್ತು ಬಲ ಎಂದು ಸಂಧಿಸಬಹುದು ಎಂಬ ಅಂದಾಜು ಸಾಧ್ಯ. ಯಾವ ಅಳತೆ ತೆಗೆಯಬೇಕೆಂಬುದನ್ನು ಮಾದರಿಯೇ ಕೇಳಿ ಪಡೆಯುತ್ತದೆ. ಮಾದರಿ ಇಲ್ಲದ ಕಡೆ ಬಣ್ಣ ಬಳಿದು ಗ್ರೀಸ್ ಹಚ್ಚಿದ್ದನ್ನೇ ತಪಾಸಣೆ ಎಂದು ಬರೆಯಲಾಗುತ್ತದೆ.

ಹಿರಿಯ: ಅಳೆಯಲು ಕೈ ತಲುಪಬೇಕು. ಬೀದರಿನ ನೌಬಾದ್ ಕಡೆಯ ಕರೇಜ್, ಅಂದರೆ ಬಹಮನಿ ಕಾಲದ ನೆಲದಡಿಯ ನೀರಿನ ಸುರಂಗ, ಅದರ ಉದ್ದಕ್ಕೂ ಅಲ್ಲಲ್ಲಿ ನೆಲಮಟ್ಟದಿಂದ ಬಾವಿಗಳನ್ನು ಇಳಿಸಿದ್ದಾರೆ. ಗಾಳಿಗೂ ಆಯಿತು, ಮನುಷ್ಯ ಇಳಿದು ಹೂಳು ತೆಗೆಯುವುದಕ್ಕೂ ಆಯಿತು. ಕಾಣದ ಭಾಗಕ್ಕೆ ದಾರಿ ಬಿಟ್ಟು ಕಟ್ಟಿದವರವರು. ಈಗಿನವರು ಮೊದಲು ಕಟ್ಟುತ್ತಾರೆ, ಆಮೇಲೆ ಕಾಣದ ಭಾಗಕ್ಕೆ ಒಂದು ಸಂಭಾವ್ಯತೆ ಬರೆಯುತ್ತಾರೆ.

ಕಿರಿಯ: ಇದು ಮಾದರಿಯ ವಿರುದ್ಧದ ವಾದವಲ್ಲ, ಮಾದರಿಯೊಳಗೇ ಇರುವ ವಾದ. ತುರ್ತು ಹೊತ್ತಿಗೆಂದು ಸುಮ್ಮನೆ ಕಾದು ಕುಳಿತ ಭಾಗ ಕೆಟ್ಟರೂ ಯಾರಿಗೂ ಗೊತ್ತಾಗದು. ಅದಕ್ಕೆ ಸುಪ್ತ ವೈಫಲ್ಯ ಎನ್ನುತ್ತಾರೆ. ಲಕ್ಷ ಗಂಟೆಗೆ ಒಮ್ಮೆ ಕೆಡುವ ಅಂಥ ಭಾಗವನ್ನು ತಿಂಗಳಿಗೊಮ್ಮೆ ಪರೀಕ್ಷಿಸಿದರೆ, ಬೇಕಾದ ಹೊತ್ತಿಗೆ ಅದು ಕೈಕೊಡುವ ಸಂಭವ ಸರಾಸರಿ 278ಕ್ಕೆ ಒಂದು. ವರ್ಷಕ್ಕೊಮ್ಮೆ ಮಾತ್ರ ಪರೀಕ್ಷಿಸಿದರೆ 23ಕ್ಕೆ ಒಂದು. ಭಾಗ ಅದೇ, ಲೋಹ ಅದೇ, ಬದಲಾದದ್ದು ತಪಾಸಣೆಯ ಅಂತರ ಮಾತ್ರ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಂಗಾರಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಪಾಸಣೆ ಕಡ್ಡಾಯ ಮಾಡಿದ್ದರ ಹಿಂದಿನ ತರ್ಕವೂ ಇದೇ.

ಹಿರಿಯ: ತಪಾಸಣೆ ಎಂದರೆ ನಿಜಸ್ಥಿತಿ ಕಂಡಿತೆಂದೇ ಅರ್ಥವೇ? ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ 1979ರ ಮಾರ್ಚ್ 28ರಂದು ತೆರೆದುಕೊಂಡ ಕವಾಟವೊಂದು ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು; ನಿಯಂತ್ರಣ ಕೊಠಡಿಯ ದೀಪ ಮಾತ್ರ ಆರಿತ್ತು, ಏಕೆಂದರೆ ಆ ದೀಪಕ್ಕೆ ಗೊತ್ತಿದ್ದದ್ದು ಕವಾಟಕ್ಕೆ ಹೋದ ವಿದ್ಯುತ್ ಸಂಕೇತವೇ ಹೊರತು ಕವಾಟದ ನಿಜವಾದ ಸ್ಥಿತಿಯಲ್ಲ. ದೀಪ ನಂಬಿದವರು ಗಂಟೆಗಟ್ಟಲೆ ತಪ್ಪು ದಾರಿಯಲ್ಲಿದ್ದರು. ತಪಾಸಣೆಯ ವಹಿಯಲ್ಲಿ ಸರಿಯಿದೆ ಎಂದು ಬೀಳುವ ಗುರುತೂ ಎಷ್ಟೋ ಸಲ ಅಂಥ ದೀಪವೇ.

ಕಿರಿಯರು ಇದಕ್ಕೆ ನೇರ ಉತ್ತರ ಕೊಡದೆ, ಮಾದರೀಕರಣದ ಪರವಾಗಿ ಅತ್ಯಂತ ಬಲವಾದ ಸಾಧನವೆಂದು ತಾವು ಭಾವಿಸುವ ದೋಷವೃಕ್ಷದ ಕಡೆಗೆ ಮಾತನ್ನು ತಿರುಗಿಸುತ್ತಾರೆ. ಬೆಲ್ ಪ್ರಯೋಗಾಲಯದಲ್ಲಿ 1960ರ ದಶಕದ ಆರಂಭದಲ್ಲಿ ಮಿನಿಟ್‌ಮನ್ ಕ್ಷಿಪಣಿಯ ಉಡಾವಣಾ ವ್ಯವಸ್ಥೆಗಾಗಿ ರೂಪುಗೊಂಡ ಈ ಕ್ರಮದಲ್ಲಿ, ಆಗಬಾರದ ಘಟನೆಯನ್ನು ಮೇಲೆ ಬರೆದು, ಅದು ಆಗಬೇಕಾದರೆ ಯಾವುದು ಆಗಿರಬೇಕು ಎಂದು ಕೆಳಕೆಳಗೆ ಇಳಿಯುತ್ತ, ಪ್ರತಿ ಕವಲಿನಲ್ಲೂ ಇದು ಅಥವಾ ಅದು ಸಾಕೇ, ಇದೂ ಅದೂ ಬೇಕೇ ಎಂದು ಗುರುತಿಸಲಾಗುತ್ತದೆ. ಹಾಗೆ ಇಳಿದಾಗ, ಅನಾಹುತಕ್ಕೆ ಸಾಕಾಗುವ ಅತಿ ಚಿಕ್ಕ ಗುಂಪುಗಳು ಹೊರಬೀಳುತ್ತವೆ. ಅವುಗಳಿಗೆ ಕನಿಷ್ಠ ಛೇದಗಣ ಎಂದು ಹೆಸರು.

ಕಿರಿಯ: 19ನೆಯ ಗೇಟಿನ ದೋಷವೃಕ್ಷವನ್ನು ಎರಡನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ ಬರೆದಿದ್ದರೂ, ಚೈನ್ ಲಿಂಕ್ ಎಂಬ ಒಂದೇ ಸದಸ್ಯ ಇರುವ ಛೇದಗಣ ಕಣ್ಣಿಗೆ ಬೀಳುತ್ತಿತ್ತು. ಒಂದೇ ಸದಸ್ಯ ಎಂದರೆ ಅದು ಹೋದರೆ ಉಳಿಸುವುದು ಯಾವುದೂ ಇಲ್ಲ ಎಂದರ್ಥ. ಗೇಟು ಹೋದರೆ ಮುಂದೇನು ಎಂಬ ಎರಡನೆಯ ಪ್ರಶ್ನೆಗೂ ಅಲ್ಲಿ ಸಿದ್ಧ ಉತ್ತರವಿರಲಿಲ್ಲ: ಕಿಂಡಿಯ ಮುಂದೆ ಒಂದರ ಮೇಲೊಂದು ಇಳಿಸಿ ನೀರು ತಡೆಯುವ ಉಕ್ಕಿನ ಹಲಗೆಗಳನ್ನು, ಅಂದರೆ ಸ್ಟಾಪ್‌ಲಾಗ್‌ಗಳನ್ನು, ಗೇಟು ಹೋದ ಮೇಲೆ ತಯಾರಿಸಿ ತರಬೇಕಾಯಿತು. ಈ ಎರಡನ್ನು ತೋರಿಸಲು ಸಂಭಾವ್ಯತೆಯ ಒಂದು ಅಂಕಿಯೂ ಬೇಕಿರಲಿಲ್ಲ, ಚಿತ್ರವೇ ಸಾಕಿತ್ತು.

ಹಿರಿಯ: ಅಂಕಿಯೇ ಬೇಡವೆಂದಾದರೆ ವಾದ ಅರ್ಧ ಮುಗಿಯಿತು. ಸರಪಳಿ ಹೋದರೆ ಗೇಟು ಹೋಗುತ್ತದೆ ಎಂಬುದು ಗೇಟು ಎತ್ತುವ ಪ್ರತಿ ಕೆಲಸಗಾರನಿಗೂ ಗೊತ್ತಿರುವ ಸಂಗತಿ.

ಕಿರಿಯ: ಗೊತ್ತಿತ್ತು, ಬರೆದಿರಲಿಲ್ಲ. ಕೆಲಸಗಾರನ ಮನಸ್ಸಿನಲ್ಲಿ ಇರುವುದಕ್ಕೆ ಅನುದಾನ ಮಂಜೂರಾಗುವುದಿಲ್ಲ. ದೋಷವೃಕ್ಷ ಕಚೇರಿಯ ಮೇಜಿನ ಮೇಲೆ ಬಂದು ಬಿದ್ದಾಗ ಯಾರೋ ಒಬ್ಬರು ಅದಕ್ಕೆ ಸಹಿ ಹಾಕಬೇಕಾಗುತ್ತದೆ, ಅಥವಾ ಸಹಿ ಹಾಕದೆ ಬಿಟ್ಟದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಹಿರಿಯರು ಇಲ್ಲಿ ಕೆಲಹೊತ್ತು ಮೌನವಾಗುತ್ತಾರೆ, ಮೌನ ಒಪ್ಪಿಗೆಯಲ್ಲ. ಸರಕಾರಿ ಕಡತದ ಸ್ವಭಾವ ಬಲ್ಲವರಿಗೆ, ಸಹಿ ಬಿದ್ದ ಕಾಗದವೂ ಹಣವಾಗಿ ತಿರುಗದೆ ಉಳಿಯುವುದು ಗೊತ್ತು. ಆದರೂ ಅವರು ಆ ದಾರಿ ಹಿಡಿಯದೆ, ಇನ್ನೂ ಆಳವಾದ ತಕರಾರನ್ನು ಎತ್ತುತ್ತಾರೆ.

ಹಿರಿಯ: ಒಂದು ಸಾಲದೆಂದು ಎರಡು ಇಟ್ಟರೆ ಏನಾಗುತ್ತದೆ ಎಂದು ನಿಮ್ಮ ಪುಸ್ತಕ ಹೇಳುತ್ತದೆ?

ಕಿರಿಯ: ಒಂದು ಪಂಪು ಬೇಕಾದ ಹೊತ್ತಿಗೆ ಕೈಕೊಡುವ ಸಂಭವ ಸಾವಿರಕ್ಕೆ ಒಂದು ಎಂದಾದರೆ, ಎರಡೂ ಒಟ್ಟಿಗೆ ಕೈಕೊಡುವ ಸಂಭವ ಹತ್ತು ಲಕ್ಷಕ್ಕೆ ಒಂದು, ಮೂರು ಇಟ್ಟರೆ ನೂರು ಕೋಟಿಗೆ ಒಂದು. ಆದರೆ ಅವು ಒಂದರಿಂದೊಂದು ಸ್ವತಂತ್ರವಾಗಿ ಕೆಡುತ್ತವೆ ಎಂಬ ಷರತ್ತಿನ ಮೇಲೆ.

ಹಿರಿಯ: ನರೋರಾದಲ್ಲಿ ಆ ಷರತ್ತು ಎಲ್ಲಿ ಹೋಯಿತು? 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ಆ ಅಣು ವಿದ್ಯುತ್ ಕೇಂದ್ರದಲ್ಲಿ ಟರ್ಬೈನಿನ ಎರಡು ಅಲಗುಗಳು ಮುರಿದು, ಕಂಪನಕ್ಕೆ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಒಂದು ಹೋದರೆ ಇನ್ನೊಂದಿರಲಿ ಎಂದು ಇಟ್ಟ ವಿದ್ಯುತ್ ಸರಬರಾಜುಗಳ ಕೇಬಲ್‌ಗಳು ಒಟ್ಟೊಟ್ಟಿಗೆ ಹಾದುಹೋಗಿದ್ದರಿಂದ ಒಂದೇ ಬೆಂಕಿಗೆ ಎಲ್ಲವೂ ಸುಟ್ಟವು. ಸುಮಾರು 17 ಗಂಟೆ ಸ್ಥಾವರ ವಿದ್ಯುತ್ತಿಲ್ಲದೆ ಉಳಿಯಿತು. ಕಾಗದದ ಮೇಲೆ ಹಲವು ಆಸರೆ, ಗೋಡೆಯ ಮೇಲೆ ಒಂದೇ ದಾರಿ.

ಕಿರಿಯ: ಇದಕ್ಕೇ ಸಮಾನ ಕಾರಣದ ವೈಫಲ್ಯ ಎನ್ನುವುದು, ಮತ್ತು ಶಾಸ್ತ್ರ ಇದನ್ನು ಮರೆತಿಲ್ಲ. 1970ರ ದಶಕದಲ್ಲಿ ಅಣು ಸ್ಥಾವರಗಳ ಅಧ್ಯಯನದಿಂದ ಬೀಟಾ ಅಂಶ ಎಂಬ ಸರಳ ತಿದ್ದುಪಡಿ ಬಂತು: ಒಟ್ಟು ವೈಫಲ್ಯಗಳಲ್ಲಿ ಎಷ್ಟು ಪಾಲು ಜೋಡಿಗಳೆಲ್ಲವನ್ನೂ ಒಂದೇ ಏಟಿಗೆ ಕೆಡಹುತ್ತವೆ ಎಂಬ ಅಂದಾಜದು. ಆ ಪಾಲು ನೂರಕ್ಕೆ 5 ಎಂದಿಟ್ಟುಕೊಂಡರೂ, ಎರಡು ಪಂಪುಗಳ ಸಂಭವ ಹತ್ತು ಲಕ್ಷಕ್ಕೆ ಒಂದರಿಂದ ಜಿಗಿದು 20,000ಕ್ಕೆ ಒಂದರ ಹತ್ತಿರ ಬರುತ್ತದೆ, ಅಂದರೆ ಐವತ್ತು ಪಟ್ಟು ಕೆಡುತ್ತದೆ. ಮೂರನೆಯ ಪಂಪು ತಂದಿಟ್ಟರೂ ಆ ಸಂಖ್ಯೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಇನ್ನೊಂದು ಯಂತ್ರಕ್ಕೆ ಹಣ ಸುರಿಯುವ ಬದಲು ಕೇಬಲ್‌ಗಳನ್ನು ಬೇರೆ ಬೇರೆ ದಾರಿಯಲ್ಲಿ ಒಯ್ಯಿರಿ, ನಡುವೆ ಬೆಂಕಿ ತಡೆಯುವ ಗೋಡೆ ಹಾಕಿರಿ ಎಂದು ಹೇಳುವುದು ಈ ಲೆಕ್ಕವೇ. ನರೋರಾದ ಬಳಿಕ ನಮ್ಮ ಅಣು ಸ್ಥಾವರಗಳಲ್ಲಿ ಟರ್ಬೈನ್ ಅಲಗುಗಳ ವಿನ್ಯಾಸವನ್ನೂ ಕೇಬಲ್ ಹಾದಿಗಳನ್ನೂ ತಿದ್ದಲಾಯಿತು. ಅದು ನಮಗೆ ದೂರದ ಮಾತಲ್ಲ, ಕೈಗಾದ ನಾಲ್ಕು ಘಟಕಗಳೂ ನರೋರಾದಂತೆಯೇ 220 ಮೆಗಾವಾಟಿನ ಭಾರಜಲ ಕುಲದವು.

ಹಿರಿಯ: ನೂರಕ್ಕೆ 5 ಎಂಬುದು ಎಲ್ಲಿಂದ ಬಂತು? 5 ಏಕೆ, 20 ಏಕಲ್ಲ?

ಕಿರಿಯ: ತಜ್ಞರ ತೀರ್ಮಾನದಿಂದ, ಹಳೆಯ ಘಟನೆಗಳ ಎಣಿಕೆಯಿಂದ, ಒಂದಿಷ್ಟು ರೂಢಿಯಿಂದ. ಅಲ್ಲಿ ಗಣಿತಕ್ಕಿಂತ ವಿವೇಕ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನು ಮುಚ್ಚಿಡುವ ಕಾರಣವಿಲ್ಲ.

ಹಿರಿಯ: ಆ ಸಂಖ್ಯೆ ವಿವೇಕದ್ದು ಎಂದು ವರದಿಯ ಮೊದಲ ಪುಟದಲ್ಲೇ ಬರೆದರೆ ಚೆನ್ನಾಗಿತ್ತು. ಅನುಬಂಧದ ಕೊನೆಯಲ್ಲಿ ಬರೆಯುತ್ತಾರೆ.

ಈ ವ್ಯಂಗ್ಯದಲ್ಲಿ ಅತಿಶಯವಿಲ್ಲ. ಸ್ವಾತಂತ್ರ್ಯದ ಊಹೆ ಎಷ್ಟು ಸುಲಭವಾಗಿ ಮುರಿಯುತ್ತದೆ ಎಂಬುದಕ್ಕೆ ಸಾಫ್ಟ್‌ವೇರ್ ಇನ್ನೂ ಕಠಿಣ ಉದಾಹರಣೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಸ್ಫೋಟಿಸಿದಾಗ, ದಿಕ್ಕು ಹೇಳುವ ಎರಡು ಉಪಕರಣಗಳೂ ಒಂದೇ ತಂತ್ರಾಂಶ ಹೊತ್ತಿದ್ದರಿಂದ, ಆಸರೆಗೆಂದು ಇಟ್ಟದ್ದು ಮುಖ್ಯದ್ದಕ್ಕಿಂತ ಒಂದು ಕ್ಷಣ ಮೊದಲೇ ಅದೇ ಕಾರಣಕ್ಕೆ ನಿಂತುಹೋಗಿತ್ತು. ತಂತ್ರಾಂಶ ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅದರ ತಪ್ಪು ಮೊದಲ ದಿನದಿಂದಲೇ ಒಳಗಿದ್ದು, ತಕ್ಕ ಸನ್ನಿವೇಶಕ್ಕಾಗಿ ಕಾಯುತ್ತದೆ. ಬೇರೆ ಬೇರೆ ತಂಡಗಳಿಂದ ಬರೆಸಿದರೆ ತಪ್ಪುಗಳೂ ಬೇರೆ ಬೇರೆಯಾದಾವು ಎಂಬ ಆಸೆಯನ್ನು ಅಮೆರಿಕದ ನೈಟ್ ಮತ್ತು ಲೆವೆಸನ್ 1986ರಲ್ಲಿ ಪ್ರಕಟಿಸಿದ ಪ್ರಯೋಗ ಕುಂದಿಸಿತು: ಒಂದೇ ಸಮಸ್ಯೆಗೆ ಪ್ರತ್ಯೇಕವಾಗಿ ಬರೆಸಿದ 27 ತಂತ್ರಾಂಶಗಳು, ಸ್ವತಂತ್ರವಾಗಿದ್ದರೆ ನಿರೀಕ್ಷಿಸಬಹುದಾದದ್ದಕ್ಕಿಂತ ಹೆಚ್ಚು ಸಲ ಒಂದೇ ಕಡೆ ಒಟ್ಟಿಗೆ ಎಡವಿದ್ದವು.

ಮಾತು ಇಲ್ಲಿಂದ ಆಕಾಶಕ್ಕೆ ಏರುತ್ತದೆ.

ಕಿರಿಯ: ಪ್ರಯಾಣಿಕ ವಿಮಾನಗಳ ವಿಷಯದಲ್ಲಿ ಜಗತ್ತು ಒಪ್ಪಿರುವ ಗುರಿ ಎಂದರೆ, ವಿಮಾನವನ್ನೇ ಕಳೆದುಕೊಳ್ಳುವಂಥ ಯಾವುದೇ ಒಂದು ವೈಫಲ್ಯ ಸ್ಥಿತಿ ನೂರು ಕೋಟಿ ಹಾರಾಟ ಗಂಟೆಗೆ ಒಂದಕ್ಕಿಂತ ಹೆಚ್ಚು ಸಲ ಬರಕೂಡದು, ಮತ್ತು ಅದು ಒಂದೇ ಬಿಡಿಭಾಗ ಕೆಟ್ಟದ್ದರಿಂದ ಬರಲೇಕೂಡದು.

ಹಿರಿಯ: ನೂರು ಕೋಟಿ ಗಂಟೆ ಎಂದರೆ 1,14,000 ವರ್ಷ ಮೀರುತ್ತದೆ. ಅಷ್ಟು ಕಾಲ ಹಾರಿಸಿ ಪರೀಕ್ಷಿಸಿದವರು ಯಾರೂ ಇಲ್ಲ. ಪರೀಕ್ಷಿಸಲಾಗದ್ದನ್ನು ಪ್ರಮಾಣಿಸುವುದಕ್ಕೆ ನಂಬಿಕೆ ಎನ್ನುತ್ತಾರೆ, ವಿಜ್ಞಾನ ಎನ್ನುವುದಿಲ್ಲ.

ಕಿರಿಯ: ಬಿಡಿ ಬಿಡಿ ಭಾಗಗಳನ್ನು ಪರೀಕ್ಷಿಸಬಹುದು, ಅವನ್ನು ಜೋಡಿಸಿದ ಬಗೆಯನ್ನು ತರ್ಕಿಸಬಹುದು, ಆ ತರ್ಕವೇ ಮಾದರಿ. ಅದರಲ್ಲಿ ನೂರು ಕೋಟಿಗಿಂತ ಮುಖ್ಯವಾದದ್ದು ಒಂದೇ ಭಾಗದಿಂದ ಬರಕೂಡದು ಎಂಬ ಎರಡನೆಯ ಷರತ್ತು. ಬೋಯಿಂಗ್ 737 ಮ್ಯಾಕ್ಸ್‌ನಲ್ಲಿ ವಿಮಾನದ ಮೂತಿಯನ್ನು ಕೆಳಕ್ಕೆ ಒತ್ತುವ ತಂತ್ರಾಂಶ ಒಂದೇ ಕೋನ ಸಂವೇದಕದ ಮಾತು ಕೇಳುವಂತಿತ್ತು. 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯದಲ್ಲಿ 189 ಮಂದಿ, 2019ರ ಮಾರ್ಚಿನಲ್ಲಿ ಇಥಿಯೋಪಿಯದಲ್ಲಿ 157 ಮಂದಿ ಸತ್ತರು. ಲೆಕ್ಕದ ವಿಧಾನ ಸೋತದ್ದಕ್ಕಿಂತ ಹೆಚ್ಚಾಗಿ, ಆ ವೈಫಲ್ಯದ ಗಂಭೀರತೆಯನ್ನು ಕಡಿಮೆ ದರ್ಜೆಗೆ ಹಾಕಿದ್ದೇ ಅಲ್ಲಿನ ದೋಷ.

ಹಿರಿಯ: ದರ್ಜೆ ಹಾಕುವುದೂ ಮಾದರಿಯ ಕೆಲಸವೇ ತಾನೆ? ಸರಿ, ದೂರದ ಮಾತು ಬೇಡ. ಬೀದರ್ ನೆಲೆಗೆ 2008ರಿಂದ ಬಂದಿರುವ ಹಾಕ್ ತರಬೇತಿ ವಿಮಾನಕ್ಕೆ ಎಷ್ಟು ಎಂಜಿನ್?

ಕಿರಿಯ: ಒಂದೇ. ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ಕಟ್ಟಿದ ವಿಮಾನವದು, ಎರಡು ಆಸನ, ಒಂದು ಎಂಜಿನ್. ಎಂಜಿನ್ ನಿಂತರೆ ಹಾರಿ ಪಾರಾಗುವ ಆಸನಗಳಿವೆ. ಸೇನಾ ವಿಮಾನದ ಮಾದರಿಯಲ್ಲಿ ವಿಮಾನದ ನಷ್ಟ ಬೇರೆ, ಚಾಲಕನ ಪ್ರಾಣ ನಷ್ಟ ಬೇರೆ ಎಂದು ವಿಂಗಡಿಸಿ, ಎರಡನೆಯದಕ್ಕೆ ಆಸನವನ್ನು ಆಸರೆಯಾಗಿ ಎಣಿಸುತ್ತಾರೆ.

ಹಿರಿಯ: ಆಸನ ಚಾಲಕನಿಗಾಯಿತು. ಕೆಳಗೆ ತೊಗರಿ ಕೊಯ್ಯುತ್ತಿರುವವರು ಆ ದೋಷವೃಕ್ಷದ ಯಾವ ಕೊಂಬೆಯಲ್ಲಿದ್ದಾರೆ?

ಕಿರಿಯ: ನೆಲದ ಮೇಲಿನವರ ಅಪಾಯವನ್ನು ಬೇರೆ ಲೆಕ್ಕದಲ್ಲಿ ನೋಡುವುದುಂಟು: ಹಾರುವ ದಾರಿ ಎಲ್ಲಿ, ಅದರಡಿ ಜನವಸತಿ ಎಷ್ಟು, ವರ್ಷಕ್ಕೆ ಎಷ್ಟು ಗಂಟೆ ಹಾರಾಟ ಎಂಬುದರಿಂದ.

ಹಿರಿಯ: ಜನವಸತಿ ವಿರಳವಾಗಿದ್ದರೆ ಅಪಾಯವೂ ವಿರಳ ಎಂದು ಆ ಲೆಕ್ಕ ಹೇಳುತ್ತದೆ, ಹೈದರಾಬಾದಿನ ಮೇಲೆ ಹಾರಿಸಬೇಡಿ, ಮನ್ನಳ್ಳಿಯ ಹೊಲದ ಮೇಲೆ ಹಾರಿಸಿ ಎಂದಂತಾಯಿತು. ಗಣಿತ ಸರಿಯಿರಬಹುದು. ಆದರೆ ಯಾರನ್ನು ಎಣಿಸಬೇಕು, ಯಾರ ಪಾಲಿಗೆ ಎಷ್ಟು ಅಪಾಯ ಬಂದರೆ ಒಪ್ಪಬಹುದು ಎಂಬುದನ್ನು ಗಣಿತ ತೀರ್ಮಾನಿಸಿಲ್ಲ, ಬೇರೆ ಯಾರೋ ತೀರ್ಮಾನಿಸಿ ಗಣಿತದ ಕೈಗೆ ಕೊಟ್ಟಿದ್ದಾರೆ.

ಕಿರಿಯ: ಆ ತೀರ್ಮಾನ ಲೆಕ್ಕವಿಲ್ಲದಿದ್ದರೂ ಆಗುತ್ತಿತ್ತು, ಮತ್ತು ಆಗ ಅದನ್ನು ಪ್ರಶ್ನಿಸಲು ಕೈಗೆ ಏನೂ ಸಿಗುತ್ತಿರಲಿಲ್ಲ. ಊಹೆಗಳನ್ನು ಬರೆದಿಟ್ಟಿರುವುದರಿಂದಲೇ ಈಗ ಈ ಆಕ್ಷೇಪ ಸಾಧ್ಯವಾಯಿತು.

ಇಬ್ಬರ ಮಾತೂ ನಿಲ್ಲುವಂಥದ್ದೇ. ಬರೆದಿಟ್ಟ ಊಹೆಯನ್ನು ಓದಲು ಜನರ ಕೈಗೆ ಕೊಡುತ್ತಾರೆಯೇ ಎಂಬ ಮೂರನೆಯ ಪ್ರಶ್ನೆ ಇಲ್ಲಿ ಏಳಬೇಕಿತ್ತು. ಹಿರಿಯರ ಗಮನ ಮಾತ್ರ ಯಂತ್ರಗಳ ನಡುವೆ ಇರುವ ಮನುಷ್ಯನ ಕಡೆಗೆ ಹೋಗಿದೆ.

ಹಿರಿಯ: ತುಂಗಭದ್ರೆಯ ಕಿಂಡಿ ಮುಚ್ಚಿದವರು ಯಾರು? ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಐದು ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಗೇಟು ಹೋದ ಒಂದು ವಾರದೊಳಗೆ ನೀರು ನಿಲ್ಲಿಸಿದರು. ನರೋರಾದ ಕತ್ತಲೆಯಲ್ಲಿ ಡೀಸೆಲ್ ಪಂಪಿನಿಂದ ಅಗ್ನಿಶಾಮಕ ನೀರನ್ನು ಉಗಿ ಜನಕಗಳಿಗೆ ಹರಿಸಿ ಸ್ಥಾವರವನ್ನು ತಣಿಸಿದವರೂ ಅಲ್ಲಿನ ಕೆಲಸಗಾರರೇ. ನಿಮ್ಮ ಮಾದರಿಯಲ್ಲಿ ಮನುಷ್ಯ ಬರುವುದು ಒಂದೇ ವೇಷದಲ್ಲಿ, ಮಾನವ ದೋಷ ಎಂಬ ವೇಷದಲ್ಲಿ. ಕೆಡಿಸುವವನಿಗೆ ಒಂದು ಸಂಖ್ಯೆ ಇದೆ, ಉಳಿಸಿದವನಿಗೆ ಯಾವ ಸಂಖ್ಯೆಯೂ ಇಲ್ಲ.

ಕಿರಿಯ: ಅಣು ಸ್ಥಾವರಗಳ ಅಧ್ಯಯನದಲ್ಲಿ ಚೇತರಿಕೆಯ ಕ್ರಿಯೆ ಎಂದು ಅದಕ್ಕೂ ಒಂದು ಸ್ಥಾನವಿದೆ. ಆದರೆ ಆ ಸ್ಥಾನವನ್ನು ಬೇಕೆಂದೇ ಚಿಕ್ಕದಾಗಿ ಇಡುತ್ತಾರೆ. ಯಾರೋ ಒಬ್ಬ ನಿಪುಣ ಓಡಿಬಂದು ಉಳಿಸುತ್ತಾನೆ ಎಂದು ವಿನ್ಯಾಸ ಮಾಡುವಾಗಲೇ ಎಣಿಸಿದರೆ, ಸ್ಟಾಪ್‌ಲಾಗ್‌ಗೆ ಹಣ ಏಕೆ ಎಂದು ಕೇಳುವವರು ಹುಟ್ಟುತ್ತಾರೆ. ಎಂಬತ್ತರ ಸಮೀಪದ ಒಬ್ಬರ ಅನುಭವದ ಮೇಲೆ ಮೂರು ರಾಜ್ಯಗಳ ನೀರು ನಿಂತಿತ್ತು ಎಂಬುದು ಹೆಮ್ಮೆಯ ಸಂಗತಿಯೂ ಹೌದು, ಭಯದ ಸಂಗತಿಯೂ ಹೌದು.

ಹಿರಿಯ: ಅಂಥವರು ಮುಂದೆ ಸಿಗದ ಹಾಗೆ ಮಾಡಿದ್ದೂ ಇದೇ ಧೋರಣೆ. ಲೆಕ್ಕದಲ್ಲಿ ಬಾರದ ಕೈಗಳನ್ನು ವೇತನದ ಪಟ್ಟಿಯಲ್ಲೂ ಉಳಿಸಿಕೊಳ್ಳುವುದಿಲ್ಲ. ಗೇಟು ಎತ್ತುವಾಗ ಸರಪಳಿಯ ಸದ್ದಿನಲ್ಲೇ ವ್ಯತ್ಯಾಸ ಹಿಡಿಯುವ ನೌಕರ ನಿವೃತ್ತನಾದರೆ ಆ ಜಾಗಕ್ಕೆ ಗುತ್ತಿಗೆಯವನು ಬರುತ್ತಾನೆ, ಮುಂದಿನ ವರ್ಷ ಬೇರೆ ಗುತ್ತಿಗೆಯವನು. ಆ ನಷ್ಟವನ್ನು ಯಾವ ವೈಫಲ್ಯ ದರದಲ್ಲಿ ತೋರಿಸುತ್ತೀರಿ?

ಕಿರಿಯ: ಸದ್ಯಕ್ಕೆ ಎಲ್ಲಿಯೂ ತೋರಿಸುವುದಿಲ್ಲ.

ಈ ಉತ್ತರದ ಬಳಿಕ ಮಾತು ಮುಂದೇನು ಎಂಬ ಕಡೆಗೆ ಹೊರಳುತ್ತದೆ. 2024ರ ಅವಘಡದ ನಂತರ ತಜ್ಞರು ತುಂಗಭದ್ರೆಯ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ಶಿಫಾರಸು ಮಾಡಿದರು. 2025ರ ಮುಂಗಾರಿನಲ್ಲಿ, ಹಳೆಯ ಗೇಟುಗಳ ಮೇಲೆ ಭಾರ ಹೆಚ್ಚದಿರಲೆಂದು, 105 ಟಿಎಂಸಿ ಮೀರಿದ ಸಾಮರ್ಥ್ಯದ ಜಲಾಶಯದಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಲಾಯಿತು.

ಕಿರಿಯ: ಒಂದು ಗೇಟು ಹೋದ ಮರುದಿನ ಉಳಿದ 32ರ ಕುರಿತ ಅಂದಾಜು ಬದಲಾಗಲೇಬೇಕು, ಅದೇ ಕಾಲದ ಕಬ್ಬಿಣ, ಅದೇ ನೀರು, ಅದೇ ನಿರ್ವಹಣೆ. ಎಲ್ಲವನ್ನೂ ಬದಲಿಸುವ ಶಿಫಾರಸು ಸಮಾನ ಕಾರಣದ ವೈಫಲ್ಯವನ್ನು ಅರ್ಥಮಾಡಿಕೊಂಡವರು ಕೊಟ್ಟದ್ದು.

ಹಿರಿಯ: ಹೊಸ ಗೇಟುಗಳು ಹೊಸತರಲ್ಲೇ ಕೆಡುವ ಗುಣದವಲ್ಲವೇ? ಆಕಾರ ಸೂಚಿ 1ಕ್ಕಿಂತ ಕಡಿಮೆ ಎಂದು ಈಗಷ್ಟೇ ಹೇಳಿದಿರಿ. ಒಂದೇ ಗುತ್ತಿಗೆ, ಒಂದೇ ಬೆಸುಗೆ ತಂಡ, ಒಂದೇ ಬೇಸಿಗೆಯ ಅವಸರದಲ್ಲಿ 33ನ್ನೂ ಕೂರಿಸಿದರೆ ಹಳೆಯ ಸಮಾನ ಕಾರಣ ಹೋಗಿ ಹೊಸ ಸಮಾನ ಕಾರಣ ಬಂದು ಕೂರುತ್ತದೆ.

ಕಿರಿಯ: ಆ ಭಯ ನಿಜವಾದದ್ದರಿಂದಲೇ ಹಂತಹಂತವಾಗಿ, ಎರಡು ಮೂರು ವರ್ಷಗಳಲ್ಲಿ ಬದಲಿಸುವುದು ಮೇಲು. ಮೊದಲ ತಂಡದ ಗೇಟುಗಳು ಒಂದು ಮಳೆಗಾಲ ನೋಡಲಿ, ಅವುಗಳಲ್ಲಿ ಕಂಡ ದೋಷವನ್ನು ಎರಡನೆಯ ತಂಡದಲ್ಲಿ ತಿದ್ದಲಿ.

ಹಿರಿಯ: ಹಂತಹಂತ ಎಂದರೆ ಅಷ್ಟು ವರ್ಷವೂ ಜಲಾಶಯ ತುಂಬುವಂತಿಲ್ಲ, ಬೇಸಿಗೆ ಬೆಳೆಗೆ ನೀರು ಬಿಡುವಂತಿಲ್ಲ. ಸಿಂಧನೂರು, ಸಿರುಗುಪ್ಪದ ಭತ್ತದ ರೈತನಿಗೆ ಒಂದು ವರ್ಷದ ನಷ್ಟ ತಾಳುವುದೇ ಕಷ್ಟ, ನೀವು ಮೂರು ಕೇಳುತ್ತಿದ್ದೀರಿ. ಇಂಥ ಕಡೆ ಹಳೆಯ ನಿರ್ವಹಣೆಯವರು ಮಾಡುತ್ತಿದ್ದದ್ದು ಬೇರೆ: ಎಲ್ಲವನ್ನೂ ಒಮ್ಮೆಗೇ ಬದಲಿಸು, ಆದರೆ ನೀರು ಬಿಡುವ ಮೊದಲು ಪ್ರತಿ ಗೇಟನ್ನೂ ಪೂರ್ತಿ ಎತ್ತಿ ಇಳಿಸಿ ನೋಡು, ಮೊದಲ ಮಳೆಗಾಲ ಹಗಲಿರುಳು ಮೇಲೆ ಮನುಷ್ಯನನ್ನು ಇಡು, ಸ್ಟಾಪ್‌ಲಾಗ್‌ಗಳು ಕೈಗೆಟುಕುವಲ್ಲಿ ಸಿದ್ಧವಿರಲಿ.

ಕಿರಿಯ: ಒಣಗಿದ ಕಿಂಡಿಯಲ್ಲಿ ಎತ್ತಿ ಇಳಿಸಿದ ಗೇಟು ತುಂಬಿದ ನೀರಿನ ಒತ್ತಡದಲ್ಲಿ ಹಾಗೆಯೇ ನಡೆದುಕೊಳ್ಳುತ್ತದೆ ಎನ್ನಲು ಆಧಾರವಿಲ್ಲ. ನೀರಿನ ಮಟ್ಟವನ್ನು ಹಂತಹಂತವಾಗಿ ಏರಿಸುತ್ತ, ಪ್ರತಿ ಹಂತದಲ್ಲೂ ಸರಪಳಿಯ ಮೇಲಿನ ಭಾರ ಅಳೆದು ನೋಡಬೇಕು. ಅದಕ್ಕೆ ಬೇಕಾದ ಸಂವೇದಕಗಳ ವೆಚ್ಚ ಗೇಟಿನ ವೆಚ್ಚದ ಮುಂದೆ ಅಲ್ಪ.

ಹಿರಿಯ: ಅಳೆಯಲಿ. ಆ ಸಂವೇದಕ ಕೆಟ್ಟಿದೆ ಎಂದು ಹೇಳುವುದಕ್ಕೂ ಒಬ್ಬ ಮನುಷ್ಯ ಬೇಕಲ್ಲ, ಅವನ ಹುದ್ದೆ ಮಂಜೂರಾಗಿದೆಯೇ?

ಕಿರಿಯರು ಕಾಗದ ತೆಗೆದು ಕಾರಂಜಾದ ಗೇಟುಗಳ ದೋಷವೃಕ್ಷದ ಮೊದಲ ಗೆರೆ ಎಳೆಯುತ್ತಾರೆ. ಹಿರಿಯರು ಅದರ ಪಕ್ಕದಲ್ಲಿ, ಯಾವ ಕೊಂಡಿಯ ಹತ್ತಿರ ಕೈ ತಲುಪುವುದಿಲ್ಲ ಎಂಬುದನ್ನು ಗುರುತು ಹಾಕತೊಡಗುತ್ತಾರೆ. ಹುದ್ದೆಯ ಪ್ರಶ್ನೆಗೆ ಆ ಕಾಗದದಲ್ಲಿ ಯಾವ ಚಿಹ್ನೆ ಬಳಸಬೇಕೆಂಬುದರಲ್ಲಿ ಇಬ್ಬರಿಗೂ ಒಮ್ಮತವಾಗುವುದಿಲ್ಲ.